ಬಮ್ಮಿಗಟ್ಟಿಯ ಹಿಮ್ಮೇಳ

"ಏನ್ ಬೇ, ಸತ್ತಿ ಏನ? ಹುಬ್ಬಳ್ಳಿ ಲೈನ್ ಕೊಡ ಲಗೂನ!"

ಕಲಘಟಗಿಯ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕೆ ಕೂತ ಮೊದಲ ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು, ಯಾರೋ ಮುದುಕಿಯದು. ಮಳವಳ್ಳಿ ಕಡೆಯ ಹುಡುಗಿ ನಾನು. ನಮ್ಮಲ್ಲಿ ಜಗಳಕ್ಕೆ ನಿಂತವರೂ ಎದುರಿನವಳಿಗೆ 'ಸತ್ತೆಯಾ' ಎಂದು ಕೇಳುವುದಿಲ್ಲ. ಕಿವಿಗೆ ಹಾಕಿದ್ದ ಹೆಡ್‌ಫೋನ್ ಕಿತ್ತಿಟ್ಟು ಅತ್ತುಬಿಟ್ಟೆ. ಪಕ್ಕದ ಕುರ್ಚಿಯ ಗಿರಿಜಾ ನಗುತ್ತಲೇ ನನ್ನ ಬೋರ್ಡಿನ ವೈರನ್ನು ಸರಿಯಾದ ತೂತಿಗೆ ಚುಚ್ಚಿ, ಆ ಮುದುಕಿಗೆ ಹುಬ್ಬಳ್ಳಿ ಕೊಟ್ಟಳು.

"ಅಳಬ್ಯಾಡ. ಆಕಿ ನನ್ನ ಜೋಡಿ ಮಾತಾಡಾಕತ್ತೇನಿ ಅಂದ್ಕೊಂಡಾಳ. 'ಬೇ' ಅಂದ್ರ ಇಲ್ಲೆ ಪ್ರೀತಿ," ಎಂದಳು.

ಪ್ರೀತಿಯನ್ನು ಇಷ್ಟು ಜೋರಾಗಿ ಕೂಗಿ ಹೇಳುವ ಊರಿನಲ್ಲಿ ಹೇಗೆ ಬದುಕುವುದು ಎಂದು ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಯೋಚಿಸಿದ್ದು ನೆನಪಿದೆ. ಮನೆಯೊಡತಿ ಒಳ್ಳೆಯವರು, ಆದರೆ ರಾಗಿ ಮುದ್ದೆ ಮಾಡುತ್ತೇನೆಂದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಅವರು ಬಡಿಯುವ ಜೋಳದ ರೊಟ್ಟಿ ನನ್ನ ಕೈಯಲ್ಲಿ ಯಾವತ್ತೂ ದುಂಡಗಾಗಲಿಲ್ಲ. ನಾವು 'ಆಯ್ತು' ಅನ್ನುವ ಕಡೆ ಇಲ್ಲಿ 'ಹೂನ್ರಿ' ಅನ್ನಬೇಕು. ಅಂಗಡಿಯಲ್ಲಿ ಶೇಂಗಾ ಎನ್ನದೆ ಕಡಲೆಕಾಯಿ ಕೇಳಿದರೆ ಕಡಲೆಬೇಳೆ ಕಟ್ಟಿಕೊಡುತ್ತಾರೆ. ಒಂದೇ ಕನ್ನಡ, ಆದರೂ ಆರು ತಿಂಗಳು ನಾನು ಬಾಯಿ ತೆರೆದಾಗಲೆಲ್ಲ ಎದುರಿನವರ ತುಟಿ ನಗುವಿಗೆ ಅಲುಗುತ್ತಿತ್ತು. ಕಡೆಗೆ ಕೆಲಸದ ಹೊತ್ತಲ್ಲದೆ ಮಾತನಾಡುವುದನ್ನೇ ಕಡಿಮೆ ಮಾಡಿದೆ.

ಅದನ್ನು ಗಮನಿಸಿದವಳು ಗಿರಿಜಾ ಒಬ್ಬಳೇ. ಸುಗ್ಗಿ ಮುಗಿದ ಮೇಲಿನ ಒಂದು ಶನಿವಾರ ಮಧ್ಯಾಹ್ನ, "ನಮ್ಮೂರಾಗ ಇವತ್ತ ಗೀಗೀ ಪದದ ಎರಡು ಮೇಳ ಕೂಡ್ತಾವ. ಹೋಗೂಣು ಬಾ. ನಮ್ಮನ್ಯಾಗ ಮಲಗಿದ್ರಾತು," ಎಂದಳು.

ಅವಳ ಊರು ಬಮ್ಮಿಗಟ್ಟಿ. ಬಸ್ಸಿನಲ್ಲಿ ಅವಳು ನನಗೆ ಪಾಠ ಹೇಳಿದಳು. ಮೇಳವೆಂದರೆ ನಾಲ್ಕೈದು ಜನರ ತಂಡ. ಮುಂದೆ ನಿಂತು ಹಾಡುವವರ ಕೈಯಲ್ಲಿ ದಪ್ಪು, ಅಂದರೆ ಚರ್ಮ ಬಿಗಿದ ಅಗಲವಾದ ವಾದ್ಯ. ಹಿಂದಿನವರ ಕೈಯಲ್ಲಿ ತಾಳ, ಒಂದೇ ತಂತಿಯ ತುಂತುಣಿ. ಹಾಡುಗಳು ಸಿನಿಮಾದವಲ್ಲ, ಅವರವರೇ ಕಟ್ಟಿಕೊಂಡವು. ಒಂದು ಮೇಳ 'ಗಂಡು ಹೆಚ್ಚು' ಎಂದು ಹಾಡಿದರೆ ಇನ್ನೊಂದು 'ಹೆಣ್ಣು ಹೆಚ್ಚು' ಎಂದು ಉತ್ತರಿಸಬೇಕು. ಉತ್ತರ ತಡವರಿಸಿದವರು ಸೋತಂತೆ.

ನಾವು ತಲುಪುವ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ. ಶಾಲೆಯ ಮುಂದಿನ ಬಯಲಲ್ಲಿ ಗ್ಯಾಸ್‌ಬತ್ತಿ ಹೊತ್ತಿಸಿದ್ದರು. ಮುಂದಿನ ಸಾಲಿನಲ್ಲಿ ಗಂಡಸರು, ನಡುವೆ ಗಿರಿಜಾಳ ಕಾಕಾ, ಅಂದರೆ ಚಿಕ್ಕಪ್ಪ. ಹಣೆ ತುಂಬ ವಿಭೂತಿ, ನೆಟ್ಟಗಿನ ಬೆನ್ನು. ಗಿರಿಜಾ ನೌಕರಿಗೆ ಹೋಗುವುದನ್ನೇ ಒಂದು ವರ್ಷ ತಡೆದವರು ಅವರು. ನಾವು ಹಿಂದೆ ಹೆಂಗಸರ ನಡುವೆ ಕೂತೆವು.

ಗಂಡಿನ ಪಕ್ಷದ ಹಾಡುಗಾರ ಬಸಪ್ಪ ಆಗಲೇ ದಪ್ಪು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಹೆಣ್ಣಿನ ಪಕ್ಷದ ಹನುಮವ್ವ ಮಾತ್ರ ಆತಂಕದಿಂದ ದಾರಿ ನೋಡುತ್ತಿದ್ದಳು. ಐವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಅವಳ ಹಿಮ್ಮೇಳದ ಇಬ್ಬರು ತಂಗಿಯರಿಗೂ ಜ್ವರವಂತೆ. ಜೊತೆಗೆ ಬಂದಿದ್ದವನು ತುಂತುಣಿಯ ಮುದುಕನೊಬ್ಬನೇ.

"ಹಿಮ್ಮೇಳ ಇಲ್ದ ಹಾಡಾಕಾಗೂದಿಲ್ಲ. ಸೋತೆ ಅಂತ ಹೇಳಿ ಮನಿಗೆ ಹೋಗಬೇ," ಎಂದು ಬಸಪ್ಪ ನಕ್ಕ.

ಹನುಮವ್ವ ಹೆಂಗಸರತ್ತ ತಿರುಗಿದಳು. "ಇಷ್ಟ ಮಂದಿ ಕುಂತೀರಿ. ಹಾಡದನ ಸೋಲಿಸ್ತೀರೇನ ನನ್ನ? ಒಬ್ಬಾಕಿ ಬರ್ರಿ ಸಾಕು."

ಯಾರೂ ಏಳಲಿಲ್ಲ. ಒಬ್ಬಳ ಮಾವ, ಇನ್ನೊಬ್ಬಳ ಭಾವ, ಎಲ್ಲರೂ ಮುಂದಿನ ಸಾಲಿನಲ್ಲಿದ್ದರು. ಗಿರಿಜಾ ನನ್ನ ಪಕ್ಕೆಗೆ ತಿವಿದಳು. "ನೀ ಹೋಗ. ನಿನಗ ಇಲ್ಲೆ ಮಾವ ಇಲ್ಲ, ಕಾಕಾ ಇಲ್ಲ. ಯಾರ ಬೈತಾರ?"

ಪರಸ್ಥಳದವಳಾಗಿರುವುದಕ್ಕೆ ಒಂದು ಲಾಭವೂ ಇದೆಯೆಂದು ನನಗೆ ಹೊಳೆದದ್ದೇ ಆಗ. ಯಾವ ಧೈರ್ಯ ಬಂತೋ, ಎದ್ದು ಹೋಗಿ ತಾಳ ಕೈಗೆತ್ತಿಕೊಂಡೆ.

ಹನುಮವ್ವನ ಕಂಠಕ್ಕೆ ಮೈಕಿನ ಹಂಗಿರಲಿಲ್ಲ. "ಒಲಿಯ ಮುಂದ ಕುಂತಾಕಿ ಊರ ಸಾಕ್ಯಾಳ" ಎಂದು ಎತ್ತಿ ನನ್ನತ್ತ ನೋಡಿದಳು. ನಾನು ಅದನ್ನೇ ತಿರುಗಿ ಹಾಡಬೇಕು. ಗಾಬರಿಗೆ ನಮ್ಮೂರ ಕನ್ನಡ ಹೊರಬಿತ್ತು: "ಒಲೆ ಮುಂದೆ ಕುಂತೋಳು ಊರ ಸಾಕವ್ಳೆ!"

ಬಯಲೆಲ್ಲ ಬಿದ್ದುಬಿದ್ದು ನಕ್ಕಿತು. ಬಸಪ್ಪ ಬಿಟ್ಟಾನೆಯೇ? ದಪ್ಪು ಬಡಿದು ಅಲ್ಲೇ ಪದ ಕಟ್ಟಿದ:

"ಎಲ್ಲಿಂದ ಹಿಡದು ತಂದೀ ಹನುಮಿ ಈ ಹೊಸ ಹಕ್ಕಿ?
ನಮ್ಮ ಮಾತು ಹಾಡಾಕ ಹೋಗಿ ಒದ್ದಾಡತೈತಿ ಸಿಕ್ಕಿ!"

ತಾಳ ಕೆಳಗಿಟ್ಟು ಓಡಿಹೋಗುವುದೊಂದೇ ಬಾಕಿ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಗಿರಿಜಾ ಎದ್ದಳು. ಕಾಕಾನ ಎದುರೇ ಹಾದು, ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಬಾಜು ನಿಂತಳು. "ಹನುಮಕ್ಕಾ, ಹಾಡ," ಎಂದಳು.

ಹನುಮವ್ವನ ದಪ್ಪು ಗುಡುಗಿತು:

"ಹಕ್ಕಿಗೆ ಯಾವ ಊರೋ ತಮ್ಮಾ, ಯಾವ ಸೀಮಿ?
ಕಾಳು ಕಂಡಲ್ಲಿ ಇಳಿದ ಮ್ಯಾಲ ಅದ ಅದರ ಭೂಮಿ!
ಗೂಡು ಕಟ್ಟೂದು ಹೆಣ್ಣಹಕ್ಕಿ, ಕೇಳೋ ಬಸಪ್ಪಾ,
ಕೊಂಬಿ ಮ್ಯಾಲ ಕುಂತು ಬರೇ ಕೂಗೂದು ಮರಿಗಳಪ್ಪಾ!"

"ಗೀಯ ಗಾ, ಗಾಗಿಯ ಗಾ!" ನಾವಿಬ್ಬರೂ ಗಂಟಲು ಹರಿಯುವಂತೆ ಕೂಗಿದೆವು. ಹೆಂಗಸರು ಚಪ್ಪಾಳೆ ತಟ್ಟತೊಡಗಿದರು. ಬಸಪ್ಪ ಉತ್ತರಕ್ಕೆಂದು ಎತ್ತಿದ ದಪ್ಪನ್ನು ತಾನೇ ನಕ್ಕು ಹನುಮವ್ವನ ಕಾಲ ಬಳಿ ಇಟ್ಟು ಕೈ ಮುಗಿದ.

ನಾನು ಕಾಕಾನನ್ನೇ ನೋಡುತ್ತಿದ್ದೆ. ಅವರು ಎದ್ದು ನಿಂತರು. ಗಿರಿಜಾ ನನ್ನ ಕೈ ಹಿಡಿದಳು.

"ಎರಡನೇ ಸಲಕ್ಕ ತಾಳ ತಪ್ಪೇತಿ," ಎಂದರು ಕಾಕಾ ಗಂಭೀರವಾಗಿ. "ಮುಂದಿನ ಪದಕ್ಕ ಲಕ್ಷ್ಯ ಕೊಟ್ಟು ಬಾರಸ್ರಿ." ಮತ್ತೆ ಕೂತರು.

ಮುಂದಿನ ಪದ, ಅದರ ಮುಂದಿನದು, ಹೀಗೆ ಊಟಕ್ಕೆ ಕರೆಯುವವರೆಗೂ ಹಾಡಿದೆವು. ಗಂಟಲು ಬಿದ್ದುಹೋಗಿ ಸೋಮವಾರ ಬೋರ್ಡಿನ ಮುಂದೆ ನನಗೆ 'ನಂಬರ್ ಪ್ಲೀಸ್' ಎನ್ನಲೂ ಆಗಲಿಲ್ಲ. ಕರೆ ಮಾಡಿದವರೊಬ್ಬರು ಆ ಒಡಕು ದನಿ ಕೇಳಿ, "ಬಮ್ಮಿಗಟ್ಟಿಯಾಗ ಹಾಡಿದಾಕಿ ನೀವ ಏನ್ರಿ? ಸಾವಕಾಶ ಮಾತಾಡ್ರಿ, ನನಗೇನ ಅವಸರಿಲ್ಲ," ಎಂದರು. ಆ ದಿನದಿಂದ ನನ್ನ ಮಾತಿಗೆ ಜನ ನಕ್ಕರೂ ನಾನೂ ಜೊತೆಗೆ ನಗುವುದು ರೂಢಿಯಾಯಿತು.

ಮೊನ್ನೆ ರಜೆಗೆ ಮಳವಳ್ಳಿಗೆ ಹೋಗಿದ್ದಾಗ ನಡೆದದ್ದನ್ನೂ ಹೇಳಬೇಕು. ಪಕ್ಕದ ಮನೆಯ ಅಜ್ಜಿ ನಮ್ಮ ಜಗಲಿಗೆ ಬಂದು, "ನಿಮ್ಮೂರ್ಕಡೆ ಮಳೆ ಹೆಂಗವ್ವಾ?" ಎಂದು ಕೇಳಿದರು. "ಹದವಾಗಿ ಬಂತಜ್ಜಿ, ಕಲಘಟಗೀಲಿ ಭತ್ತದ ಸಸಿ ಚೆನ್ನಾಗೆದ್ದಿದೆ," ಎಂದೆ ತಟ್ಟನೆ. ನಾನು ಹುಟ್ಟಿದ ಮನೆಯ ಜಗಲಿಯ ಮೇಲೆಯೇ ಕೂತು ಅಜ್ಜಿ ಯಾವ ಊರನ್ನು ನನ್ನದೆಂದರು, ನಾನು ಯಾವುದನ್ನು ಒಪ್ಪಿಕೊಂಡೆ ಎನ್ನುವುದು ಅವರು ಎದ್ದು ಹೋದ ಮೇಲೆ ತಿಳಿಯಿತು. ಅಮ್ಮ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಕಲಘಟಗಿಗೆ ಮರಳಿದ ದಿನ ಮನೆಯೊಡತಿ ಬಾಗಿಲು ತೆಗೆಯುತ್ತಲೇ ಕೇಳಿದರು: "ನಿಮ್ಮೂರ ಕಡೆ ಮಳಿ ಹ್ಯಾಂಗೈತಿ?"

ಬ್ಯಾಗು ಕೆಳಗಿಡುವ ಮೊದಲೇ ಮಳವಳ್ಳಿಯ ಮಳೆಯ ಸುದ್ದಿಯನ್ನೂ ಹೇಳಿದೆ.