ತಾಡಪಾಲು ತೆಗೆದ ಅಮಾವಾಸ್ಯೆ

ದೊಡ್ಡಪ್ಪನ ಮಷಿನ್ನಿನ ಬೆಳಕು ನೀಲಿ ಎಂದೇ ನನ್ನ ನೆನಪು. ಅಥವಾ ಆ ಬೆಳಕು ನೀಲಿ ಇರಲೇ ಇಲ್ಲವೇನೋ. ಆಮೇಲೆ ಬೇರೆ ಬೇರೆ ಕಡೆ ನೋಡಿದ ಮಷಿನ್‌ಗಳ ಬೆಳಕೆಲ್ಲ ಅದರೊಳಗೆ ಸೇರಿಕೊಂಡಿರಬಹುದು.

ಕೊಟ್ಟೂರಿನಲ್ಲಿ ನಮ್ಮ ದೊಡ್ಡಪ್ಪನ ವರ್ಕ್‌ಶಾಪು. ಟ್ರ್ಯಾಕ್ಟರಿಗೆ ಹೂಡುವ ಕೂರಿಗೆ, ಕುಂಟೆ ಮಾಡುತ್ತಿದ್ದರು. ಕಬ್ಬಿಣದ ಹಾಳೆಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಗ್ಯಾಸಿನಿಂದ ಕತ್ತರಿಸಿ, ಒರಟು ಅಂಚಿಗೆ ಅರ ಹೊಡೆದು ನಯ ಮಾಡುವುದು ಮೊದಲಿನ ಪದ್ಧತಿ. ಒಂದು ವರ್ಷ, ತಾನೇ ಓಡಾಡಿ ಕತ್ತರಿಸುವ ಕಂಪ್ಯೂಟರ್ ಮಷಿನ್ ತಂದರು. ಈ ಕಡೆಗೆಲ್ಲ ಅದೇ ಮೊದಲನೆಯದೆಂದು ನಾನು ಹೇಳುತ್ತೇನೆ, ಪಕ್ಕದ ಹಡಗಲಿಯವರು ಒಪ್ಪುವುದಿಲ್ಲ.

ಎದುರಿನ ವರ್ಕ್‌ಶಾಪಿನವನು ಇದನ್ನು ಕಲಿತರೆ ಗಿರಾಕಿಗಳು ರಸ್ತೆ ದಾಟುತ್ತಾರೆ ಎಂಬುದು ದೊಡ್ಡಪ್ಪನ ಭಯ. ಅದಕ್ಕೇ ಯಾರಾದರೂ ಬಂದರೆ ಮಷಿನ್ ನಿಲ್ಲಿಸಿ ಮೇಲೆ ತಾಡಪಾಲು ಎಳೆದು ಮುಚ್ಚುತ್ತಿದ್ದರು. ಆದರೆ ಅಮಾವಾಸ್ಯೆ ಬಂತು. ಅಂದು ಕೆಲಸವಿಲ್ಲ, ಯಂತ್ರಗಳಿಗೆ ಪೂಜೆ. ಪೂಜೆಗೆ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಕಾಯಿ ಒಡೆದ ಮೇಲೆ ಪ್ರತಿ ಯಂತ್ರವನ್ನೂ ಒಮ್ಮೆ ಓಡಿಸಲೇಬೇಕು.

ಎದುರಿನವನು ಎಲ್ಲರಿಗಿಂತ ಮೊದಲೇ ಬಂದ.

“ಏನಣ್ಣಾ, ಹೊಸ ಸೊಸಿಗಿ ಹೊದಿಸಿದಂಗ ಹೊದಿಸೀರಲ್ರಿ?”

“ಸೊಸಿ ಮುಖ ನೋಡಾಕ ಬರಿಗೈಲಿ ಬಂದೀ ಏನಲೇ?”

“ಕಾಯಿ ತಂದೀನಿ ನೋಡ್ರಿ!”

ದೊಡ್ಡಪ್ಪ ತಾಡಪಾಲು ತೆಗೆದರು. ವಿಭೂತಿ, ಹೂವು, ಕಾಯಿ ಆಯಿತು. ಗುಂಡಿ ಒತ್ತಿದರು. ಯಾರ ಕೈಯೂ ಇಲ್ಲದೆ ಬೆಂಕಿ ಹಾಳೆಯ ಮೇಲೆ ನಡೆಯಿತು. ಒಂದು ಹಲ್ಲಿನ ಸುತ್ತ ಬಳಸಿತು, ಇನ್ನೊಂದಕ್ಕೆ ಹೋಯಿತು, ಹೊರಟ ಜಾಗಕ್ಕೇ ಬಂದು ಆರಿತು. ಕೂರಿಗೆಯ ಹಲ್ಲುಚಕ್ರ ಕೆಳಗೆ ಬಿತ್ತು. ಹಲ್ಲುಗಳೆಲ್ಲ ಒಂದೇ ಸಮ. ನನ್ನ ಮೈ ಜುಮ್ಮೆಂದಿತು; ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.

ಎದುರಿನವನು ಇಕ್ಕಳದಿಂದ ಚಕ್ರ ಎತ್ತಿ ಹಿಡಿದ.

“ಅರ ಹೊಡಿಯೋದ ಬ್ಯಾಡಲ್ರಿ ಇದಕ್ಕ!”

ಅಷ್ಟಕ್ಕೇ ದೊಡ್ಡಪ್ಪನ ಬಾಯಿ ಬಿಚ್ಚಿತು. ಕತ್ತರಿಸಬೇಕಾದ ಆಕಾರದ ಚಿತ್ರ ಪೆನ್‌ಡ್ರೈವಿನಲ್ಲಿ ಬರುವುದು, ಬೆಂಕಿಗೆ ಗಾಳಿ ಎಷ್ಟು ಬಿಡಬೇಕು, ಮಷಿನ್ ಎಲ್ಲಿ ಸಿಗುತ್ತದೆ, ಎಲ್ಲ ಹೇಳಿದರು. “ಉಪ್ಪಿಟ್ಟು ಆರಾಕತ್ತೈತಿ, ಸಾಕ ಬರ್ರಿ” ಎಂದು ದೊಡ್ಡಮ್ಮ ಬಾಗಿಲಿನಿಂದ ಕೂಗಿ ಕೂಗಿ ಸೋತಳು.

ಮುಂದಿನ ಬಿತ್ತನೆಯ ಹೊತ್ತಿಗೆ ಎದುರಿಗೂ ಅಂಥದೇ ಮಷಿನ್. ಅಲ್ಲಿನ ಅಮಾವಾಸ್ಯೆ ಪೂಜೆಗೆ ಹೋದವರಿಂದ ಅದು ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಹರಪನಹಳ್ಳಿಗೆ. ನಮ್ಮ ಗಿರಾಕಿಗಳಲ್ಲಿ ಕೆಲವರು ರಸ್ತೆ ದಾಟಿಯೇಬಿಟ್ಟರು.

ಎಲ್ಲ ಯಾಕೆ ಹೇಳಿದಿರಿ ಎಂದು ದೊಡ್ಡಪ್ಪನನ್ನು ಒಮ್ಮೆ ಕೇಳಿದೆ. “ಪೂಜಿ ದಿನ ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನಲೇ?” ಎಂದರು. ಆದರೆ ನನಗೆ ನೆನಪಿರುವಂತೆ ಎದುರಿನವನು ಏನೂ ಕೇಳಿರಲಿಲ್ಲ. ದೊಡ್ಡಪ್ಪ ಯಾಕೆ ಹೇಳಿದರೆಂಬುದು ನನಗೆ ಗೊತ್ತಿಲ್ಲ.