ಮಿಲ್ಲಿನಮ್ಮನಿಗೆ ಕೇಳಿಸಿದ ದನಿ

ಹೋದ ವಾರ ಬೈಂದೂರಿನ ಪೇಟೆಯಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ, ಹುರಿದ ಕೊತ್ತಂಬರಿಯೂ ಒಣಮೆಣಸೂ ಒಟ್ಟಿಗೆ ಪುಡಿಯಾಗುವ ಘಾಟು ಮೂಗಿಗೆ ಹೊಡೆಯಿತು. ಮಿಲ್ಲಿನ ಕಲ್ಲು ಬಿಸಿಯಾದಾಗ ಮಾತ್ರ ಬರುವ ಆ ವಾಸನೆ... ಸೀನು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮಿಲ್ಲಿನವನು ಮೆಣಸಿನ ಘಾಟಿಗೆ ಎಂದುಕೊಂಡು ನಕ್ಕ. ನಾನೂ ಹಾಗೆಯೇ ಇರಲಿ ಎಂದು ಬಿಟ್ಟೆ.

ನನಗೆ ನೆನಪಾದದ್ದು ಕೋಡಿ ಎಂಬ ಊರಿನ ಮಿಲ್ಲಿನಮ್ಮ. ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದಾಗ ನಾನು ಬಾಡಿಗೆಗೆ ಹಿಡಿದದ್ದು ಅವರ ಮನೆಯ ಎದುರುಕೋಣೆಯನ್ನು. ಮನೆಗೆ ತಾಗಿಕೊಂಡೇ ಹಿಟ್ಟು, ಮೆಣಸು ಬೀಸುವ ಮಿಲ್ಲು. ಗಂಡ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿದ ಹಣದಲ್ಲಿ ಹಾಕಿಸಿದ್ದು. ಅವರು ತೀರಿಕೊಂಡ ಮೇಲೆ ಇವರೇ ನಡೆಸುತ್ತಿದ್ದರು. ವರ್ಷಗಟ್ಟಲೆ ಆ ಸದ್ದಿನಲ್ಲೇ ಇದ್ದು ಅವರ ಕಿವಿ ಮಂದವಾಗಿತ್ತು. ಹಾಗಾಗಿ ಮಾತಾಡಿದರೆ ಮೂರು ಮನೆಯಾಚೆಗೂ ಕೇಳುತ್ತಿತ್ತು. ನನ್ನದೋ ಆಗ ಸಣ್ಣ ಕೀರಲು ದನಿ. ನಾನು ಏನು ಹೇಳಿದರೂ, "ಎಂತ ಹೆಣೆ, ಗುಬ್ಬಿ ಕಣೆಗ್ ಮಾತಾಡ್ತೆ, ಒಂಚೂರೂ ಕೇಂತಿಲ್ಲೆ" ಎನ್ನುತ್ತಿದ್ದರು.

ಹೆಣೆ ಎಂದರೆ ನಮ್ಮ ಕಡೆ ಹುಡುಗಿಯರನ್ನು ಕರೆಯುವ ಮಾತು. ಆಗ ನಾನು ಎಲ್ಲರ ಕಣ್ಣಿಗೂ ಹುಡುಗಿಯೇ. ಚೂಡಿದಾರ ಹಾಕುತ್ತಿದ್ದೆ, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂರುತ್ತಿದ್ದೆ. ನನ್ನೊಳಗೆ ಮಾತ್ರ ಬುದ್ಧಿ ಬಂದಾಗಿನಿಂದ ಇದ್ದವನು ಒಬ್ಬ ಹುಡುಗ. ಬ್ರಹ್ಮಾವರದ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಕೆಲಸ ಸಿಕ್ಕಿ, ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಉಡುಪಿಯ ಡಾಕ್ಟರೊಬ್ಬರನ್ನು ಕಂಡೆ. ಅವರು ಮಾತಾಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಗಂಡಸಿನ ಹಾರ್ಮೋನಿನ ಇಂಜೆಕ್ಷನ್ ಬರೆದುಕೊಟ್ಟರು.

ಮೊದಲ ಇಂಜೆಕ್ಷನ್ ಹಾಕಿಸಿಕೊಳ್ಳಲು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿಯ ನರ್ಸು ಬಾಟಲಿ ತಿರುಗಿಸಿ ನೋಡಿ, "ಇದು ಗಂಡಸ್ರಿಗೆ ಕೊಡೂದಲ್ವಾ, ನಿಮಗೆ ಯಾಕೆ?" ಎಂದು ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡುವಂತೆ ಕೇಳಿದಳು. ಬಾಟಲಿ ಇಸಿದುಕೊಂಡು ಹೊರಟುಬಂದೆ. ಆಮೇಲೆ ಉಡುಪಿಯ ಡಾಕ್ಟರೇ, ಮನೆಯಲ್ಲಿ ನೀವೇ ಹಾಕಿಕೊಳ್ಳಬಹುದು ಎಂದು ಧೈರ್ಯ ಹೇಳಿ, ಅವರಲ್ಲಿಯ ಸಿಸ್ಟರ್ ಕೈಯಲ್ಲಿ ಕಲಿಸಿಕೊಟ್ಟರು. ಅಲ್ಲಿ, ಅವರೆದುರು, ಸಲೀಸಾಗಿ ಮಾಡಿದ್ದೆ.

ಕೋಣೆಯಲ್ಲಿ ಒಬ್ಬನೇ ಕೂತಾಗ ಅದು ಬೇರೆಯೇ ಆಯಿತು. ರಜೆಯ ದಿನ ಬೆಳಿಗ್ಗೆ, ಮಿಲ್ಲು ಓಡುವ ಹೊತ್ತನ್ನೇ ಆರಿಸಿಕೊಂಡಿದ್ದೆ. ನೋವಿಗೆ ಕೂಗಿದರೂ ಹೊರಗೆ ಕೇಳುವುದಿಲ್ಲವಲ್ಲ. ಎಣ್ಣೆಯಂಥ ದಪ್ಪ ಔಷಧ ನಿಧಾನವಾಗಿ ಸಿರಿಂಜಿಗೆ ಏರಿತು. ಸ್ಪಿರಿಟ್ಟಿನಲ್ಲಿ ತೊಡೆ ಒರೆಸಿದೆ. ಸೂಜಿ ಹಿಡಿದ ಕೈ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಬೆವರಿಗೆ ಬೆರಳು ಜಾರುತ್ತಿತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ ಎಂದು ನನ್ನನ್ನೇ ಬೈದುಕೊಂಡೆ. ಕೈ ಕೇಳಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮಿಲ್ಲು ನಿಂತಿತು. ಕೂತು ಬೇಸರವಾಗಿ ಮಿಲ್ಲಿನಮ್ಮ ನನ್ನನ್ನು ಮಾತಾಡಿಸಲು ಬಂದು ಬಾಗಿಲು ದೂಡಿಯೇಬಿಟ್ಟರು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ.

"ಎಂತದ್ ಅದ್?" ಅವರ ಕಣ್ಣು ಸಿರಿಂಜಿನ ಮೇಲಿತ್ತು. "ಮುಂಬೈಯಂಗೆ ಇದ್ದಾಗ ಕಂಡಿದ್ದೆ ನಾನ್ ಇದ್ನೆಲ್ಲ. ಅಮಲಿನ ಮದ್ದಾ?"

ಅಲ್ಲ ಎಂದೆ. ಅವರಿಗೆ ಕೇಳಲಿಲ್ಲ. ಡಾಕ್ಟರು ಕೊಟ್ಟದ್ದು ಎಂದೆ. ಕೇಳಲಿಲ್ಲ. "ಬಾಯ್ ಬಿಟ್ ಹೇಳ್" ಎಂದರು. ಯಾರ ಹತ್ತಿರವೂ ಹೇಳದೆ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೊನೆಗೆ ನಾನು ಕೂಗಿಯೇ ಹೇಳಬೇಕಾಯಿತು.

"ಅಮ್ಮ, ನಾನ್ ಹೆಣ್ಣಲ್ಲ, ಗಂಡ್. ಮೈಗೂ ಅದ್ ಗೊತ್ತಾಗ್ಬೇಕಲೆ, ಅದ್ಕೆ ಈ ಮದ್ದ್."

ಕರೆಂಟಿಲ್ಲದ ಬೀದಿ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಅಕ್ಕಿ ಹಿಟ್ಟಿಗೆ ಕಾದು ನಿಂತಿದ್ದ ಹೆಂಗಸೊಬ್ಬಳು ಅಂಗಳದಿಂದ ಇಣುಕಿದಳು. ಮಿಲ್ಲಿನಮ್ಮ ಬಾಗಿಲು ಹಾಕಿದರು. ಡಾಕ್ಟರ ಚೀಟಿ ಕೇಳಿ ನೋಡಿದರು. ನನ್ನ ಮುಖವನ್ನೂ ನೋಡಿದರು. ಆಮೇಲೆ ಚಾಪೆಯ ತುದಿಯಲ್ಲಿ, ನನಗೆ ಬೆನ್ನು ಹಾಕಿ ಕೂತರು.

"ಹಾಕ್. ನಾ ಇಲ್ಲೇ ಇರ್ತೆ. ನಂಗ್ ಸೂಜಿ ಕಂಡ್ರೆ ಆತ್ತಿಲ್ಲೆ, ಅದ್ಕೆ ಆಚೆ ತಿರ್ಗಿ ಕೂಕಂಬ್ದ್."

ಸೂಜಿಯನ್ನು ತೊಡೆಯ ಹತ್ತಿರ ತಂದೆ. ಅವರು ಗೋಡೆ ನೋಡುತ್ತಲೇ, "ಗಂಡ್ ಅಂದ್ಮೇಲೆ ಹೆಸ್ರ್ ಎಂತ?" ಎಂದು ಕೇಳಿದರು. ಅದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನು ಹೇಳಿದೆ, ಎರಡನೇ ಸಲ ಗಟ್ಟಿಯಾಗಿ.

"ಅದ್ ನನ್ ಮೈದ್ನನ ಹೆಸ್ರ್" ಎಂದರು. "ಅವ ಜನ ಸಮಾ ಇಲ್ಲೆ. ಬೇರೆ ಇಡ್ಕೊ."

ನಗು ಬಂದುಬಿಟ್ಟಿತು. ಆ ನಗುವಿನಲ್ಲೇ ಸೂಜಿ ಒಳಗೆ ಹೋಗಿತ್ತು. ನಿಧಾನವಾಗಿ ಔಷಧ ತಳ್ಳಿ, ಹತ್ತಿ ಒತ್ತಿ ಹಿಡಿದು, "ಆಯ್ತ್" ಎಂದೆ.

ಹೀಗೆಂದ ಮಾತ್ರಕ್ಕೆ ಅವರು ಎಲ್ಲವನ್ನೂ ಒಪ್ಪಿದರು ಅಂತಲ್ಲ. ಮರುದಿನ ಬೆಳಿಗ್ಗೆ ಹಿಟ್ಟು ಝಾಡಿಸುತ್ತಾ, ನನ್ನ ಮುಖ ನೋಡದೆ, "ತಿಂಗ್ಳ್ ಮುಗುವತ್ತಿಗೆ ಬೇರೆ ರೂಮ್ ಕಾಣ್" ಎಂದರು. ಅಂಗಳದಲ್ಲಿದ್ದ ಹೆಂಗಸು ಸುಮ್ಮನಿರಲಿಲ್ಲ. ಬೀದಿಯಲ್ಲಿ ಮಾತಾಗಿತ್ತು. ಕೆಲವರು ಅಕ್ಕಿ ಬೀಸಲು ಆಚೆ ಮಿಲ್ಲಿಗೆ ಹೋಗತೊಡಗಿದರು. ಮುಂಬಯಿಯಲ್ಲಿದ್ದ ಮಗಳ ಗಂಡನ ಮನೆಯವರಿಗೆ ಸುದ್ದಿ ಮುಟ್ಟಿದರೆ ಎಂಬ ಭಯವೂ ಅವರಿಗಿತ್ತು. ನಾನು ಹೂಂ ಎಂದೆ. ಹೋಗುವುದೆಲ್ಲಿಗೆ ಎಂದು ತಿಳಿಯದೆ ಆ ದಿನಗಳನ್ನು ಕಳೆದೆ.

ಮುಂದಿನ ಇಂಜೆಕ್ಷನ್ನಿನ ದಿನ ಸ್ಪಿರಿಟ್ಟಿನ ಬಾಟಲಿ ತೆಗೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮಿಲ್ಲಿನಮ್ಮ ಸೆರಗಿಗೆ ಕೈ ಒರೆಸುತ್ತಾ ಒಳಗೆ ಬಂದು, ಅದೇ ಚಾಪೆಯ ತುದಿಯಲ್ಲಿ ಬೆನ್ನು ಹಾಕಿ ಕೂತರು. ಮೀನಿನ ರೇಟು, ಮಿಲ್ಲಿನ ಕಲ್ಲು ಕುಟ್ಟಿ ಒರಟು ಮಾಡುವವನು ಬಾರದೇ ಇದ್ದದ್ದು, ಏನೇನೋ ಹೇಳಿದರು. ತಿಂಗಳು ಮುಗಿಯಿತು. ಅವರು ರೂಮಿನ ಮಾತು ಎತ್ತಲಿಲ್ಲ, ನಾನು ಹುಡುಕಿರಲೂ ಇಲ್ಲ.

ನನ್ನ ದನಿ ಒಡೆಯತೊಡಗಿದ್ದು ಆ ಮಳೆಗಾಲದಲ್ಲಿ. ಮೊದಮೊದಲು ಕೇಳಿದವರಿಗೆಲ್ಲ ಮಿಲ್ಲಿನಮ್ಮ, "ಅದ್ಕೆ ಥಂಡಿ", ಅವಳಿಗೆ ನೆಗಡಿ, ಎನ್ನುತ್ತಿದ್ದರು. ಎಷ್ಟು ತಿಂಗಳ ಥಂಡಿ ಎಂದು ಜನ ನಗುತ್ತಿದ್ದರು. ಒಂದು ದಿನ ಗಂಜಿ ಬಡಿಸುತ್ತಿದ್ದಾಗ ನಾನು ಉಪ್ಪಿನಕಾಯಿ ಕೇಳಿದೆ, ಮೆಲ್ಲಗೆ. ಅವರು ಚಮಚ ಹಿಡಿದುಕೊಂಡೇ ನಿಂತರು.

"ಮಾರಾಯ, ಈಗ ನೀ ಹೇಳೂದ್ ನಂಗ್ ಸಮಾ ಕೇಂತತ್" ಎಂದರು.

ಕೀರಲು ದನಿ ಹಿಡಿಯದ ಅವರ ಕಿವಿಗೆ ಈ ತಗ್ಗಿದ ದನಿ ಸಲೀಸಾಗಿ ಮುಟ್ಟುತ್ತಿತ್ತು. ಹೆಣೆ ಎನ್ನದೆ ಮಾರಾಯ ಎಂದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ... ನಾನು ತಲೆ ಎತ್ತದೆ ಗಂಜಿ ಉಂಡೆ.

ಸುದ್ದಿ ಬ್ರಹ್ಮಾವರಕ್ಕೂ ಹೋಯಿತು. ಒಂದು ಸಂಜೆ ಅಣ್ಣ ಬಂದ. ನಾನು ಕಿಟಕಿಯ ಹಿಂದೆ ನಿಂತೇ ಇದ್ದೆ. ಮಿಲ್ಲಿನಮ್ಮ ಮಿಲ್ಲಿನ ಸ್ವಿಚ್ಚು ಆರಿಸಿದರು.

"ನನ್ ತಂಗಿ ಇಲ್ಲಿಪ್ಪುದಂಬ್ರಲೆ, ಇತ್ತಾ?" ಎಂದು ಅಣ್ಣ ಕೇಳಿದ.

ನಮ್ಮ ಕಡೆಯ ಮಾತಿನಲ್ಲಿ ಹೆಣ್ಣುಮಕ್ಕಳಿಗೆ ‘ಅದ್’, ಇದ್ದಾಳೆ ಎನ್ನಲು ‘ಇತ್ತ್’. ಗಂಡುಮಕ್ಕಳಿಗೆ ‘ಅವ’, ಇದ್ದಾನೆ ಎನ್ನಲು ‘ಇದ್ದ’. ಮಿಲ್ಲಿನಮ್ಮ ಬೀದಿಗೆಲ್ಲ ಕೇಳುವ ತಮ್ಮ ಅದೇ ದನಿಯಲ್ಲಿ ಹೇಳಿದರು.

"ತಂಗಿ ಇಲ್ಲೆ. ಅವ ಒಳಗಿದ್ದ. ಕರುಕಾ?"

ಅವರು ಕರೆಯುವ ಮೊದಲು ನಾನೇ ಹೊರಗೆ ಬಂದೆ. ಅಣ್ಣ ನನ್ನ ಮುಖವನ್ನು, ಆಗಷ್ಟೇ ಮೂಡಿದ್ದ ಮೀಸೆಯನ್ನು ನೋಡಿದ. ಮಿಲ್ಲಿನಮ್ಮ ಕೊಟ್ಟ ನೀರನ್ನು ಕುಡಿಯದೆ ಹೊರಟುಹೋದ. "ಹೋಯ್ಲಿ, ಬತ್ತ ಅವ" ಎಂದು ಅವರು ಲೋಟದ ನೀರನ್ನು ತಾವೇ ಕುಡಿದರು. ಅಣ್ಣ ಬಂದದ್ದು ಹೌದು, ಆದರೆ ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ನಾನು ಬೇರೆ ಕೆಲಸ ಸಿಕ್ಕಿ ಬೈಂದೂರಿಗೆ ಬಂದಿದ್ದೆ. ಮಂಡಿನೋವು ಜೋರಾಗಿ ಮಿಲ್ಲಿನಮ್ಮ ಮಗಳ ಜೊತೆ ಮುಂಬಯಿಗೆ ಹೋಗಿದ್ದರು. ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ಒಂದು ದಿನ ಆ ನಂಬರಿನಿಂದ ಮಗಳ ದನಿ ಬಂತು. ಅವರು ಹೋಗಿಬಿಟ್ಟಿದ್ದರು. ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು...

ಮೊನ್ನೆ ಬೈಂದೂರಿನಲ್ಲಿ ಆ ಘಾಟು ಮೂಗಿಗೆ ಬಿದ್ದ ಮೇಲೆ ಸುಮ್ಮನಿರಲಾಗಲಿಲ್ಲ. ಭಾನುವಾರ ಕೋಡಿಗೆ ಹೋದೆ. ಮನೆ ಮಾರುವುದಕ್ಕೆಂದು ಮಗಳು ಮುಂಬಯಿಯಿಂದ ಬಂದಿದ್ದರು. ಯಾರೆಂದು ಹೇಳಿದ ಕೂಡಲೇ ಚಾ ಮಾಡಿದರು.

"ಅಮ್ಮ ಯಾವಾಗ್ಲೂ ಹೇಳ್ತಿತ್ತ್, ನಮ್ಮನೆಲಿ ಒಬ್ಬ ಹುಡ್ಗ ಇದ್ದ, ಒಳ್ಳೆಯವ ಅಂದೇಳಿ" ಎಂದರು. ಆಮೇಲೆ ಏನೋ ನೆನಪಾಗಿ ಕೇಳಿದರು. "ನಿಮ್ಗಿಂತ ಮುಂಚೆ ಆ ರೂಮಂಗೆ ಒಂದ್ ಹೆಣ್ಣ್ ಇದ್ದಿತ್ತಂಬ್ರಲೆ, ಅದ್ ಎಂತ ಆಯ್ತ್ ಅಂದ್ ಕೇಂಡ್ರೆ ಅಮ್ಮ ನೆಗಾಡ್ತಿತ್ತ್, ಅಷ್ಟೇ. ನಿಮ್ಗೆ ಗೊತ್ತಿತ್ತಾ ಅದ್ರ ಸುದ್ದಿ?"

ಮುಂಬಯಿಯಲ್ಲಿ ಅಷ್ಟು ಕಾಲ ಇದ್ದರೂ, ಮಗಳ ಹತ್ತಿರವೂ, ಅವರು ನನ್ನ ಕತೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು.

"ಗೊತ್ತಿತ್ತ್" ಎಂದೆ. "ಅಡ್ಡಿಲ್ಲೆ, ಈಗ ಚಂದದಂಗಿತ್ತ್."

ಚಾ ಕುಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಆ ಹುಡುಗಿಗೂ ಈ ಹುಡುಗನಿಗೂ ಒಂದೇ ಸಮನೆ ಬೈದು, ಒಂದೇ ಸಮನೆ ಗಂಜಿ ಬಡಿಸಿದ್ದವರು ಒಬ್ಬರೇ ಇದ್ದರು. ಇನ್ನು ನಮ್ಮಿಬ್ಬರನ್ನೂ ಹಾಗೆ ಬಲ್ಲವರು ಯಾರೂ ಇಲ್ಲ.