ಸಂಜೆಯಣ್ಣನ ಗ್ಯಾರೇಜು

ನಮ್ಮಣ್ಣನನ್ನು ಬೀದಿಯವರೆಲ್ಲ ಸಂಜೆಯಣ್ಣ ಎನ್ನುತ್ತಾರೆ. ಬೆಳಿಗ್ಗೆ ಗಾಡಿ ಬಿಟ್ಟರೂ ಮಧ್ಯಾಹ್ನ ಬಿಟ್ಟರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಸಂಜೆಗೆ ಬಾ." ಯಾವ ಸಂಜೆ ಎಂದು ಕೇಳಿದವರಿಗೆ ಉತ್ತರ ಸಿಕ್ಕಿದ್ದಿಲ್ಲ. ಮೆಕ್ಯಾನಿಕ್ಕುಗಳೆಲ್ಲ ಹೀಗೇ ಎನ್ನಬೇಡಿ. ನಾನು ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವವಳು, ಹೇಳಿದ ದಿನಕ್ಕೆ ಕೊಡದೆ ಬೈಸಿಕೊಂಡವಳು. ಕಸುಬಿನ ಸುಳ್ಳು ಯಾವುದು, ನಮ್ಮಣ್ಣನ ಸುಳ್ಳು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು.

ಗ್ಯಾರೇಜು ಇರುವುದು ರೈಲು ಹಳಿಯ ಕೆಳಗೆ ಹೋಗುವ ಸುರಂಗದಾರಿಯ ಬಾಯಲ್ಲಿ. ಹಳಿಯಾಚೆಯ ಹುಡುಗರಿಗೂ ಈಚೆಯ ಹುಡುಗರಿಗೂ ಎಣ್ಣೆ ಸೀಗೆಕಾಯಿ. ಯಾಕೆ ಎಂದು ಕೇಳಿ ನೋಡಿ, ಅವರಿಗೇ ಗೊತ್ತಿಲ್ಲ. ಒಬ್ಬ ಗುರಾಯಿಸಿದ ಎಂದು ಶುರುವಾದದ್ದು ಚಾಕುವಿನಲ್ಲಿ ಮುಗಿಯುತ್ತದೆ. ಗ್ಯಾರೇಜಿನ ಎದುರಿಗೇ ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು ಬಿದ್ದ ವರ್ಷ, ಆಸ್ಪತ್ರೆಯ ನರ್ಸಮ್ಮ ಬಂದು ಅಣ್ಣನನ್ನೂ ಬೀದಿಯ ಇನ್ನು ನಾಲ್ಕು ಜನರನ್ನೂ ಕೂಡಿಸಿದರು. "ಹೊಲಿಗೆ ಹಾಕಿ ಹಾಕಿ ನನ್ನ ಕೈ ಸೋತುಹೋಯ್ತು. ನನ್ನ ಹತ್ರ ಬರೋಕೆ ಮುಂಚೆನೇ ನೀವು ಯಾರಾದ್ರೂ ತಡೀರಪ್ಪ" ಎಂದರು. ಸಂಬಳವಿಲ್ಲ, ಬಿರುದಿಲ್ಲ. ಜಗಳದ ವಾಸನೆ ಬಂದ ಕಡೆ ಹೋಗಿ ನಡುವೆ ನಿಲ್ಲುವುದು, ಮಾತಾಡಿಸುವುದು. ಪಕ್ಷ ವಹಿಸಬಾರದು, ಚಾಡಿ ಹೇಳಬಾರದು, ಹುಡುಗರಿಗೆ ಸುಳ್ಳು ಹೇಳಬಾರದು. ನರ್ಸಮ್ಮ ಹಾಕಿದ ನಿಯಮ ಇಷ್ಟೇ.

ಕೊನೆಯದನ್ನು ಅಣ್ಣ ಮೊದಲ ದಿನವೇ ಗಾಳಿಗೆ ತೂರಿದ.

ಯಾರಾದರೂ ಗಾಡಿ ಕೇಳಲು ಬಂದರೆ ಅವನು ಮೊದಲು ಹುಡುಗನನ್ನು ನೋಡುತ್ತಿದ್ದ, ಆಮೇಲೆ ಗಾಡಿಯನ್ನು. ನೋಟ ಒಂದು ಕಡೆ, ಮಾತು ಒಂದು ಕಡೆ, ಹಿಂದೆ ಬಾಯಿ ಬಿಡದ ಇಬ್ಬರು ಗೆಳೆಯರು, ಸೆಕೆಯಲ್ಲೂ ದಪ್ಪ ಜಾಕೆಟ್ಟು. ಇಷ್ಟು ಕಂಡರೆ ಸಾಕು, ಸರಿಯಾಗಿರುವ ಗಾಡಿಯ ಕಾರ್ಬೋರೇಟರ್ ಬಿಚ್ಚಿ ಪೆಟ್ರೋಲ್ ಬಟ್ಟಲಿಗೆ ಹಾಕಿಬಿಡುತ್ತಿದ್ದ. "ಅಯ್ಯೋ, ಒಳಗೆ ಬರೀ ಕಸ ಕಣೋ. ಸಂಜೆಗೆ ಬಾ." ಬಿಚ್ಚಿದ ಗಾಡಿಯ ಮುಂದೆ ಎಂಥ ಶೂರನೂ ಸ್ಟೂಲಿನ ಮೇಲೆ ಕೂರಲೇಬೇಕು. ಕೂತವನ ಕೈಗೆ ಹಳೇ ಬಟ್ಟೆ ಕೊಟ್ಟು, "ಈ ನಟ್ಟುಗಳನ್ನ ಒರೆಸು, ಬೇಗ ಮುಗಿಯುತ್ತೆ" ಎನ್ನುತ್ತಿದ್ದ. ಒರೆಸುತ್ತ ಒರೆಸುತ್ತ ಹುಡುಗ ಬೈಯುತ್ತಿದ್ದ, ಬೈಯುತ್ತ ಬೈಯುತ್ತ ಆದದ್ದನ್ನೆಲ್ಲ ಹೇಳುತ್ತಿದ್ದ, ಹೇಳಿ ಮುಗಿಯುವ ಹೊತ್ತಿಗೆ ಅವನಿಗೆ ಹಸಿವಾಗಿರುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರಲ್ಲ, ನಮ್ಮಣ್ಣ ಶಾಂತವಾಗುವವರೆಗೂ ಕೊಯ್ಯಲು ಬಿಡುತ್ತಿರಲಿಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ಅವನ ಊಟ ನಮ್ಮ ಮನೆಯಲ್ಲೇ. ಯಾರದೋ ಮಗನ ಕೋಪ ಇಳಿಸುತ್ತ ಕೂತವನಿಗೆ ತಟ್ಟೆ ಮುಚ್ಚಿಟ್ಟುಕೊಂಡು ಕಾಯುವವಳು ನಾನು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಬೈದರೆ ಹಲ್ಲು ಕಿರಿಯುತ್ತಿದ್ದ. ನರ್ಸಮ್ಮನಿಗೂ ಅವನ ಉಪಾಯ ತಿಳಿಯಿತು. "ಇದು ಸುಳ್ಳಲ್ವೇನಪ್ಪ?" ಎಂದರು. "ಸುಳ್ಳಲ್ಲಮ್ಮ, ಗ್ಯಾರೇಜ್ ಮಾತು" ಎಂದ. ಅವರು ನಕ್ಕರು, ಆದರೆ ಪೂರ್ತಿ ನಗಲಿಲ್ಲ. "ಕೇಳಿ ತಿಳ್ಕೋಬೇಕಾದ್ದನ್ನ ನೋಡಿ ತಿಳ್ಕೋತೀನಿ ಅಂತೀಯ. ಹುಷಾರು" ಎಂದು ಹೇಳಿ ಹೋದರು.

ಈ ಬೇಸಿಗೆಯ ಒಂದು ಬೆಳಿಗ್ಗೆ ಇಸ್ತ್ರಿಯಮ್ಮನ ದೊಡ್ಡ ಮಗ ಬಂದ. ಇಸ್ತ್ರಿಯಮ್ಮ ನಮ್ಮ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಬಟ್ಟೆಗೆ ಇಸ್ತ್ರಿ ಹಾಕುವವಳು. ನಾನು ಹೊಲಿದದ್ದೆಲ್ಲ ಅವಳ ಕೈ ದಾಟಿಯೇ ಹೋಗುವುದು. ಗಂಡನಿಲ್ಲ, ಇಬ್ಬರು ಗಂಡುಮಕ್ಕಳು. ದೊಡ್ಡವನು ಮನೆಮನೆಗೆ ಪಾರ್ಸೆಲ್ ತಲುಪಿಸುತ್ತಿದ್ದ. ಹಿಂದಿನ ದಿನ ಸುರಂಗದಲ್ಲಿ ಅವನ ಗಾಡಿ ಆಚೆಯವನೊಬ್ಬನಿಗೆ ತಾಗಿ, ಕೈ ಕೈ ಮಿಲಾಯಿಸಿ, "ನಾಳೆ ನೋಡ್ಕೋತೀವಿ" ಎನ್ನುವವರೆಗೆ ಹೋಗಿತ್ತು. ಸೊಟ್ಟಗಾದ ಹ್ಯಾಂಡಲ್ ಸರಿಮಾಡಲು ಗಾಡಿಯನ್ನು ಅಣ್ಣನಲ್ಲಿ ಬಿಟ್ಟಿದ್ದ. ಹ್ಯಾಂಡಲ್ ಅಂದೇ ಸರಿಯಾಗಿತ್ತು.

"ಅಣ್ಣಾ, ಗಾಡಿ ಕೊಡಿ."

"ಎಲ್ಲಿಗೋ ಇಷ್ಟು ಅವಸರ?"

"ಎಲ್ಲಿಗೂ ಇಲ್ಲ. ಕೊಡಿ ಅಣ್ಣಾ."

ಹುಡುಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು ಸುರಂಗದ ಕಡೆಯೇ ಇತ್ತು. ಹೆಗಲಲ್ಲಿ ಎಂದಿನ ಪಾರ್ಸೆಲ್ ಚೀಲ, ಅದರ ಬಾಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಒಳಗೇನಿದೆ ಎಂದು ಅಣ್ಣ ಕೇಳಲಿಲ್ಲ. ಏನಿರಬಹುದೆಂದು ತಾನೇ ತೀರ್ಮಾನ ಮಾಡಿ, ಕೂತು ಕ್ಲಚ್ ಪ್ಲೇಟು ಬಿಚ್ಚತೊಡಗಿದ. "ಆಗಲ್ಲ ಕಣೋ, ಕ್ಲಚ್ ಹೋಗಿದೆ. ಸಂಜೆಗೆ ಬಾ. ಬಾ, ಕೂತ್ಕೋ."

ಹುಡುಗ ಕೂರಲಿಲ್ಲ. "ದಮ್ಮಯ್ಯ ಅಣ್ಣಾ" ಎಂದ. ಹೊಡೆದಾಟಕ್ಕೆ ಹೊರಟವನು ದಮ್ಮಯ್ಯ ಎನ್ನುತ್ತಾನೆಯೇ? ಅದು ಅಣ್ಣನಿಗೂ ಹೊಳೆಯಲಿಲ್ಲ, ಮಷಿನ್ನಿನ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನನಗೂ ಹೊಳೆಯಲಿಲ್ಲ. ಹುಡುಗ ತಿರುಗಿ ಸುರಂಗದೊಳಗೆ ನಡೆದುಬಿಟ್ಟ. ಅಣ್ಣ ಸ್ಪ್ಯಾನರ್ ಎಸೆದು ಹಿಂದೆ ಓಡಿದ. ಅವನು ತಲುಪುವಷ್ಟರಲ್ಲಿ ಆಚೆಯವರು ಕೆಲಸ ಮುಗಿಸಿ ಓಡಿಹೋಗಿದ್ದರು.

ಆಸ್ಪತ್ರೆಯಲ್ಲಿ ಹುಡುಗನ ಉಸಿರು ನಿಂತ ಮೇಲೆ ನರ್ಸಮ್ಮ ಚೀಲ ತೆರೆದರು. ಇಸ್ತ್ರಿ ಮಾಡಿದ ಎರಡು ಅಂಗಿ, ಒಂದು ಟವೆಲ್, ಹಲ್ಲುಜ್ಜುವ ಬ್ರಷ್ಷು. ಅಂಗಿಯ ಮಡಿಕೆ ಕೆಟ್ಟಿರಲಿಲ್ಲ.

"ಅವನ ಚಿಕ್ಕಮ್ಮನ ಊರಿಗೆ ಹೊರಟಿದ್ದ ಅಣ್ಣಾ" ಎಂದು ಇಸ್ತ್ರಿಯಮ್ಮ ನಮ್ಮಣ್ಣನ ಕೈ ಹಿಡಿದುಕೊಂಡು ಅತ್ತಳು. "ನಾನೇ ಹೋಗು ಅಂದೆ, ಬಿಸಿ ಆರಲಿ ಅಂತ. ಹೆದರಿ ಓಡಿಹೋದ ಅಂತಾರೆ, ಯಾರಿಗೂ ಹೇಳ್ಬೇಡಮ್ಮ ಅಂದ. ಗಾಡಿ ಇದ್ದಿದ್ರೆ ಮೇಲಿನ ರಸ್ತೆ ಹಿಡ್ಕೊಂಡು ಹೋಗಿರೋನು. ಬಸ್ಸಿಗೆ ಅಂತ ಆ ಸುರಂಗ ದಾಟೋಕೆ ಹೋದ. ಹಾಳು ಗಾಡಿ, ಇವತ್ತೇ ಕೆಡಬೇಕಿತ್ತಾ?"

ಅಣ್ಣ ಬಾಯಿ ತೆರೆದ. ನಾನು ಅವನ ತೋಳು ಚಿವುಟಿದೆ, ರಕ್ತ ಬರುವ ಹಾಗೆ.

ಮನೆಗೆ ಬಂದ ಮೇಲೆ ಕದ ಹಾಕಿ ಹೇಳಿದೆ. "ಸತ್ತವನು ಎದ್ದು ಬರಲ್ಲ. ನೀನು ಬಾಯಿ ಬಿಟ್ಟರೆ ಅವರ ಕಡೆಯವರು ನಿನ್ನ ಸುಮ್ನೆ ಬಿಡ್ತಾರಾ? ಹೊಟ್ಟೆಯೊಳಗೆ ಹಾಕ್ಕೋ." ಅಣ್ಣ ತಟ್ಟೆಯ ಮುಂದೆ ಕೂತು ಹಾಗೆಯೇ ಎದ್ದ. ಮರುದಿನ ಗಾಡಿಯ ಕ್ಲಚ್ ಜೋಡಿಸಿ, ತೊಳೆದು, ಮೂಲೆಯಲ್ಲಿ ನಿಲ್ಲಿಸಿದ. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಹೇಳಿದ ಹೊತ್ತಿಗೆ ಗಾಡಿ ಕೊಡತೊಡಗಿದ. ಜನ ತಮಾಷೆ ಮಾಡಿದರು, ಸಂಜೆಯಣ್ಣನಿಗೆ ಏನೋ ಆಗಿದೆ ಎಂದು. ನಾನು ತಲೆ ತಗ್ಗಿಸಿ ಮಷಿನ್ ತುಳಿಯುತ್ತಿದ್ದೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಇಸ್ತ್ರಿಯಮ್ಮನ ಚಿಕ್ಕ ಮಗ ಬಂದ. ಹಿಂದೆ ಬಾಯಿ ಬಿಡದ ಇಬ್ಬರು. ಆ ಸೆಕೆಯಲ್ಲಿ ದಪ್ಪ ಜಾಕೆಟ್ಟು.

"ನಮ್ಮಣ್ಣನ ಗಾಡಿ ಕೊಡಿ."

ಈ ಸಲ ನೋಡಿ ತಿಳಿಯುವುದೇನೂ ಉಳಿದಿರಲಿಲ್ಲ, ಕುರುಡನಿಗೂ ಗೊತ್ತಾಗುತ್ತಿತ್ತು. ನಾನು ಮಷಿನ್ ನಿಲ್ಲಿಸಿದೆ. ಹೇಳು, ಇವತ್ತೊಂದು ದಿನ ಹೇಳಿಬಿಡು, ಸಂಜೆಗೆ ಬಾ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಣ್ಣ ಒಳಗಿನಿಂದ ಕೀ ತಂದು ಹುಡುಗನ ಅಂಗೈಯಲ್ಲಿಟ್ಟ. ಕೈ ಬಿಡಲಿಲ್ಲ. "ಗಾಡಿ ಸರಿಯಾಗಿದೆ. ಅವತ್ತೂ ಸರಿಯಾಗೇ ಇತ್ತು. ನಾನೇ ಬೇಕಂತ ಕೊಡಲಿಲ್ಲ. ಹೊಡೆದಾಟಕ್ಕೆ ಹೊರಟಿದಾನೆ ಅಂದ್ಕೊಂಡೆ. ಎಲ್ಲಿಗೆ ಅಂತ ಕೇಳ್ದೆ, ಅವನು ಹೇಳಲಿಲ್ಲ, ಇನ್ನೊಂದು ಸಲ ಕೇಳಲಿಲ್ಲ ನಾನು. ನಿಮ್ಮಣ್ಣನ ಲೆಕ್ಕ ಕೇಳೋಕೆ ಹೊರಟಿದ್ರೆ ಆಚೆಗೆ ಹೋಗ್ಬೇಡ. ಇಲ್ಲಿಂದ ಶುರು ಮಾಡು."

ಹುಡುಗನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಬೆಂಚಿನ ಮೇಲಿದ್ದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಬೀಸಿದ. ಅಣ್ಣ ತಲೆಗೆ ಅಡ್ಡ ಹಿಡಿದದ್ದು ಬಲಗೈ. ಮೂಳೆ ಮುರಿದ ಸದ್ದು ನನ್ನ ಅಂಗಡಿಗೆ ಕೇಳಿಸಿತು.

ಆಮೇಲೆ ನಾನು ಏನು ಮಾಡಿದೆನೋ ನನಗೇ ಗೊತ್ತಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಯಲ್ಲಿತ್ತು, ನಾನು ಹುಡುಗನ ಬೆನ್ನ ಹಿಂದೆ ಇದ್ದೆ. ಇಷ್ಟು ವರ್ಷ ಈ ಹುಡುಗರಿಗೆ ತಲೆ ಕೆಟ್ಟಿದೆ ಎಂದು ಬೈದವಳಿಗೆ ಆ ಕ್ಷಣ ಕಂಡದ್ದು ಅವನ ಕುತ್ತಿಗೆಯೊಂದೇ. ನೆಲದ ಮೇಲೆ ಬಿದ್ದಿದ್ದ ಅಣ್ಣ ನನ್ನನ್ನು ನೋಡಿದ.

"ಈಗ ಬೇಡಮ್ಮ" ಎಂದ. ಹಲ್ಲು ಕಚ್ಚಿಕೊಂಡು, ಗಿರಾಕಿಗೆ ಹೇಳುವ ಅದೇ ದನಿಯಲ್ಲಿ. "ಸಂಜೆಗೆ ಬಾ."

ಕತ್ತರಿ ಕೈಯಿಂದ ಜಾರಿತು. ಆ ಸದ್ದಿಗೆ ಹುಡುಗ ತಿರುಗಿ, ನನ್ನನ್ನೂ ಕತ್ತರಿಯನ್ನೂ ನೋಡಿದ. ಗೆಳೆಯರು ಆಗಲೇ ಕಾಲಿಗೆ ಬುದ್ಧಿ ಹೇಳಿದ್ದರು. ಅವನು ಸ್ಪ್ಯಾನರ್ ಕೆಳಗಿಟ್ಟು, ಸ್ಟೂಲಿನ ಮೇಲೆ ಕುಸಿದು, ಚಿಕ್ಕ ಮಗುವಿನ ಹಾಗೆ ಅತ್ತ. ಜಾಕೆಟ್ಟಿನೊಳಗಿದ್ದದ್ದನ್ನು ನಾನೇ ತೆಗೆದು ಎಣ್ಣೆ ಡಬ್ಬಿಯ ಹಿಂದೆ ಎಸೆದೆ. ಹೋಗುವಾಗ ಅವನು ಗಾಡಿ ಒಯ್ಯಲಿಲ್ಲ. ಕೀಯನ್ನು ಸ್ಟೂಲಿನ ಮೇಲೆ ಬಿಟ್ಟು ನಡೆದುಕೊಂಡು ಮನೆಗೆ ಹೋದ. ಹಳಿಯಾಚೆಗೆ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಕೈಗೆ ಪಟ್ಟಿ ಹಾಕುವಾಗ ನರ್ಸಮ್ಮ ಅಣ್ಣನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಮನೆಗೆ ಬರುವಷ್ಟರಲ್ಲಿ ಇಸ್ತ್ರಿಯಮ್ಮ ನಮ್ಮ ಹೊಸಿಲ ಹೊರಗೆ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

"ನನ್ನ ಮಗ ಎಷ್ಟು ಸಲ ಕೇಳ್ದ?"

"ಮೂರು ಸಲ" ಎಂದ ಅಣ್ಣ. "ಕೊನೆಗೆ ದಮ್ಮಯ್ಯ ಅಂದ."

ಅವಳು ಅದನ್ನು ಕೇಳಿಸಿಕೊಂಡು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ನಾನು ಹೊಲಿದದ್ದನ್ನು ಈಗಲೂ ಇಸ್ತ್ರಿ ಮಾಡಿ ಕಳಿಸುತ್ತಾಳೆ. ನಮ್ಮ ಮುಖ ನೋಡುವುದಿಲ್ಲ.

ಅಣ್ಣನ ಬಲಗೈ ಇನ್ನೂ ಬಿಗಿಯಾಗಿ ಹಿಡಿಯದು. ಈಗಲೂ ಜಗಳಕ್ಕೆ ಹೊರಟವರು ಬರುತ್ತಾರೆ, ಅವನು ಅಡ್ಡ ನಿಂತು "ಎಲ್ಲಿಗೆ?" ಎಂದು ಕೇಳುತ್ತಾನೆ, ಉತ್ತರ ಸಿಗುವವರೆಗೂ ಕೇಳುತ್ತಾನೆ. ಕೆಲವರು ನಿಲ್ಲುತ್ತಾರೆ, ಕೆಲವರು ತಳ್ಳಿ ಹೋಗುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೂಲೆಯ ಗಾಡಿಯನ್ನು ಹೊರಗೆ ತಂದು, ಕಿಕ್ ಹೊಡೆದು, ಸ್ವಲ್ಪ ಹೊತ್ತು ಓಡಲು ಬಿಡುತ್ತಾನೆ, ಬ್ಯಾಟರಿ ಸಾಯಬಾರದಲ್ಲ. ಮೊದಲ ಕಿಕ್ಕಿಗೇ ಸ್ಟಾರ್ಟ್ ಆಗುತ್ತದೆ. ತೆಗೆದುಕೊಂಡು ಹೋಗಲು ಯಾರೂ ಬಂದಿಲ್ಲ.